ಪೋರ್ಟಿಕೋದಲ್ಲಿ ನಿಂತ ಫಿಯೆಟ್ಟಿನ ಜಮಾಖರ್ಚು

ಹಳೆ ಕಾರು ನೋಡಲು ಹೋಗುವವರ ಜೇಬಿನಲ್ಲಿ ಚೆಕ್‌ಬುಕ್ ಇಲ್ಲದಿದ್ದರೂ ನಡೆದೀತು, ಒಂದು ಆಯಸ್ಕಾಂತ ಇರಲೇಬೇಕು. ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದೇ ಸಾಕು. ಬಣ್ಣಕ್ಕೆ ಗೀರು ಬೀಳದಂತೆ ತೆಳು ಬಟ್ಟೆ ಸುತ್ತಿಕೊಂಡು ಬಾಗಿಲಿನ ಕೆಳಅಂಚು, ಚಕ್ರದ ಮೇಲಿನ ಕಮಾನು, ಹೆಡ್‌ಲೈಟಿನ ಸುತ್ತ ಮೆಲ್ಲಗೆ ಸರಿಸುತ್ತ ಹೋಗಬೇಕು. ಕಚ್ಚಿಕೊಂಡ ಕಡೆ ತಗಡು ಇದೆ. ಜಾರಿ ಬಿದ್ದ ಕಡೆ ಇರುವುದು ಬರೀ ಪುಟ್ಟಿ.

ಮೈಸೂರಿನ ಈ ಅಂಕಣಕಾರ 1970ರ ಫಿಯೆಟ್ 1100 ಡಿಲೈಟ್ ಕೊಂಡದ್ದು ಈ ಪರೀಕ್ಷೆ ಮುಗಿಸಿದ ಮೇಲೆಯೇ. ಮಾರುವವರು ಹೇಳಿದ್ದು 1.30 ಲಕ್ಷ. ಬಲಗಡೆಯ ಬಾಗಿಲುಗಳ ಕೆಳಗೆ ಆಯಸ್ಕಾಂತ ನಿಲ್ಲಲೇ ಇಲ್ಲ. ಅದು ಬಿದ್ದಂತೆಲ್ಲ ಬೆಲೆಯೂ ಬಿತ್ತು. ಕೊನೆಗೆ 95,000 ರೂಪಾಯಿಗೆ ವ್ಯಾಪಾರ ಕುದುರಿತು.

ಹಳೆ ಕಾರಿನ ಆಸೆ ಇರುವವರನ್ನು ಹೆದರಿಸುವುದು ಸಾಮಾನ್ಯವಾಗಿ ಇಂಜಿನ್. ಹೆದರಬೇಕಾದದ್ದು ಕಾರಿನ ಬಾಡಿಯನ್ನು ಕಂಡು. ಇಟಲಿಯಲ್ಲಿ 1953ರಲ್ಲಿ ಬಂದ ಫಿಯೆಟ್ 1100-103ರ ವಂಶದ ಈ ಕಾರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ತಗಡಿನ ಗೂಡೇ ಅದರ ಬೆನ್ನೆಲುಬು. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಾಕಾರದ ಪಟ್ಟಿಯೊಳಗೆ ಮಳೆನೀರು ನಿಂತು ತುಕ್ಕು ಹಿಡಿದರೆ ಕೆಡುವುದು ಅಂದ ಮಾತ್ರವಲ್ಲ, ಕಾರಿನ ನಡುವೇ ಬಗ್ಗುತ್ತದೆ. ಜಾಕ್ ಏರಿಸಿ ಬಾಗಿಲು ಹಾಕಿ ತೆಗೆದು ನೋಡಿದರೆ ಗೊತ್ತಾಗುತ್ತದೆ. ಬಾಗಿಲು ಬಿಗಿಯಾದರೆ ಗೂಡು ಸಡಿಲವಾಗಿದೆ ಎಂದರ್ಥ. "ಇಂಜಿನ್ ಸತ್ರೆ ಬದುಕಿಸ್ಬೋದು ಸಾರ್, ಬಾಡಿ ಸತ್ರೆ ದುಡ್ಡು ಸಾಯುತ್ತೆ" ಎಂದು ಟಿಂಕರಿಂಗ್ ಮೇಸ್ತ್ರಿ ಮೊದಲ ದಿನವೇ ಎಚ್ಚರಿಸಿದ್ದರು.

ಬಿಲ್ಲುಗಳು ಅವರ ಮಾತನ್ನೇ ಹೇಳುತ್ತವೆ. ತಗಡು ಕತ್ತರಿಸಿ, ಹೊಸದು ಬೆಸೆದು, ತಟ್ಟಿ ಸಮ ಮಾಡಿದ ಕೆಲಸಕ್ಕೆ 1.40 ಲಕ್ಷ, ಪೇಂಟಿಗೆ 90,000. ಇಂಜಿನ್ನಿಗೆ ಹೋದದ್ದು 62,000 ಅಷ್ಟೇ: ಬ್ಲಾಕ್ ಬೋರಿಂಗ್, ಹೊಸ ಪಿಸ್ಟನ್, ರಿಂಗು, ಲೇತಿನಲ್ಲಿ ಹೆಡ್ ಸಮತಟ್ಟು ಮಾಡಿಸಿದ್ದು ಎಲ್ಲ ಸೇರಿ. (ಈ 1089 ಸಿಸಿ ಇಂಜಿನ್ನಿನ ಹೆಡ್ ಅಲ್ಯುಮಿನಿಯಂನದು, ಬ್ಲಾಕ್ ಬೀಡುಕಬ್ಬಿಣದ್ದು. ಒಮ್ಮೆ ನೀರಿಲ್ಲದೆ ಕಾದರೆ ಹೆಡ್ ಸೊಟ್ಟಗಾಗುವುದು ಅದಕ್ಕೇ.) ಕ್ರೋಮ್, ಗಾಜು, ರಬ್ಬರ್ ಬೀಡಿಂಗಿಗೆ 48,000, ಸೀಟಿನ ರೆಕ್ಸಿನ್‌ಗೆ 30,000, ಟೈರು, ಬ್ಯಾಟರಿ, ವೈರಿಂಗ್, ಬ್ರೇಕಿಗೆ 55,000. ಕೊಂಡ ಬೆಲೆಯನ್ನೂ ಕೂಡಿಸಿದರೆ 5.20 ಲಕ್ಷ. ಬೆಂಗಳೂರಿನಿಂದ ಬಂದು ನೋಡಿಹೋದ ಆಸಕ್ತರೊಬ್ಬರು ಕೇಳಿದ್ದು ಮೂರೂವರೆ ಲಕ್ಷಕ್ಕೆ.

ಅಂದರೆ ಸುಂದರವಾದ ನಷ್ಟ 1.70 ಲಕ್ಷ. 5.20 ಲಕ್ಷವನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ 36,400 ರೂಪಾಯಿ ಬಡ್ಡಿ ಬರುತ್ತಿತ್ತು ಎಂದು ಮನೆಯಲ್ಲಿ ಲೆಕ್ಕ ಒಪ್ಪಿಸಲಾಗಿದೆ. ಲೆಕ್ಕ ಸರಿಯೇ ಇದೆ. ಹಳೆ ಕಾರು ಹೂಡಿಕೆ ಎಂದು ಹೇಳಿಕೊಂಡು ಓಡಾಡುವವರಲ್ಲಿ ಹೆಚ್ಚಿನವರು ಬಿಲ್ಲು ಕೂಡಿಸಿ ನೋಡಿರುವುದಿಲ್ಲ. ಇದು ಪ್ರವಾಸಕ್ಕೋ ಸಂಗೀತ ಕಲಿಕೆಗೋ ಮಾಡುವ ಖರ್ಚಿನ ಜಾತಿಗೆ ಸೇರಿದ್ದು. ಹಾಗೆಂದು ಮೊದಲೇ ಒಪ್ಪಿಕೊಂಡರೆ ಸಾಲ ಮಾಡಬೇಕೇ ಬೇಡವೇ ಎಂಬ ಪ್ರಶ್ನೆಯೂ ಅಲ್ಲೇ ಮುಗಿಯುತ್ತದೆ. ಐವತ್ತು ವರ್ಷದ ಗಾಡಿಗೆ ಸಾಮಾನ್ಯ ಕಾರ್ ಲೋನ್ ಹುಟ್ಟುವುದಿಲ್ಲ, ಪರ್ಸನಲ್ ಲೋನಿನ ಬಡ್ಡಿ ಕಟ್ಟಿ ತುಕ್ಕು ಕೆರೆಯುವುದರಲ್ಲಿ ಅರ್ಥವಿಲ್ಲ. ಅಂಕಣಕಾರ ಇದಕ್ಕೆಂದೇ ಬೇರೆ ಆರ್‌ಡಿ ತೆರೆದು, ಅದರಲ್ಲಿ ಹಣ ಇದ್ದಾಗ ಕೆಲಸ, ಇಲ್ಲದಾಗ ಕಾರಿಗೆ ಟಾರ್ಪಾಲು ಎಂಬ ಕ್ರಮ ಇಟ್ಟುಕೊಂಡಿದ್ದಾನೆ. ಟಾರ್ಪಾಲಿನ ಕಾಲವೇ ಹೆಚ್ಚು.

ಮನೆಯಲ್ಲೇ ಮಾಡಿದರೆ ಉಳಿತಾಯ ಎಷ್ಟು? ಎಲ್ಲೆಡೆ ಸಮನಾಗಿಲ್ಲ. ಪೇಂಟ್ ಮನೆಯಲ್ಲಿ ಹೊಡೆದರೆ ಎದುರುಮನೆಯ ಮಾವಿನ ಮರದ ಹೂವೆಲ್ಲ ಬಾನೆಟ್ಟಿಗೆ ಅಂಟುತ್ತದೆ. ಗ್ಯಾಸ್ ವೆಲ್ಡಿಂಗ್ ಪೋರ್ಟಿಕೋದಲ್ಲಿ ಮಾಡುವ ಕೆಲಸವೇ ಅಲ್ಲ. ದುಡ್ಡು ನಿಜವಾಗಿ ಉಳಿಯುವುದು ಬಿಚ್ಚುವುದರಲ್ಲಿ, ತೊಳೆಯುವುದರಲ್ಲಿ, ಗುರುತು ಮಾಡಿಡುವುದರಲ್ಲಿ. ಬಿಚ್ಚಿದ ಒಂದೊಂದು ನಟ್ಟು ಬೋಲ್ಟನ್ನೂ ಜಿಪ್ ಕವರಿಗೆ ಹಾಕಿ "ಎಡ ಮುಂಬಾಗಿಲು, ಮೇಲಿನ ಹಿಂಜು" ಎಂದು ಬರೆದಿಟ್ಟರೆ ಮುಂದೆ ಮೇಸ್ತ್ರಿಯ ದಿನಗೂಲಿ ಹುಡುಕಾಟಕ್ಕೆ ಸೋರುವುದಿಲ್ಲ.

ತುಕ್ಕು ಬಿಡಿಸುವ ಕೆಲಸವಂತೂ ಹೆಚ್ಚುಕಡಿಮೆ ಪುಕ್ಕಟೆ. ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ತುಂಬಿ ಲೀಟರಿಗೊಂದು ಚಮಚದಂತೆ ವಾಷಿಂಗ್ ಸೋಡಾ ಕರಗಿಸಬೇಕು. ಬ್ಯಾಟರಿ ಚಾರ್ಜರಿನ ಕಪ್ಪು ಕ್ಲಿಪ್ಪನ್ನು ತುಕ್ಕು ಹಿಡಿದ ಭಾಗಕ್ಕೂ ಕೆಂಪು ಕ್ಲಿಪ್ಪನ್ನು ಬೇಡದ ಕಬ್ಬಿಣದ ಸರಳಿಗೂ ಸಿಕ್ಕಿಸಿ, ಎರಡೂ ಒಂದಕ್ಕೊಂದು ತಾಗದಂತೆ ಇಳಿಬಿಟ್ಟು, ಆಮೇಲೆ ಸ್ವಿಚ್ ಹಾಕುವುದು. ಸಣ್ಣ ಸಣ್ಣ ಗುಳ್ಳೆ ಏಳತೊಡಗುತ್ತದೆ, ನೀರಿನ ಮೇಲೆ ಕಂದು ನೊರೆ ಕಟ್ಟುತ್ತದೆ. ರಾತ್ರಿ ಬಿಟ್ಟು ಬೆಳಗ್ಗೆ ಎತ್ತಿದರೆ ಕೆಂಪಗಿದ್ದ ಹಿಂಜು ಕಪ್ಪಗಾಗಿರುತ್ತದೆ. ಬ್ರಷ್ಷಿನಲ್ಲಿ ಉಜ್ಜಿದರೆ ಕಪ್ಪೂ ಹೋಗಿ ಗಟ್ಟಿ ಲೋಹ ಉಳಿಯುತ್ತದೆ. ಕೂಡಲೇ ಒಣಗಿಸಿ ಪ್ರೈಮರ್ ಬಳಿಯದಿದ್ದರೆ ಮಧ್ಯಾಹ್ನದೊಳಗೆ ಹೊಸ ತುಕ್ಕು ಹಾಜರು. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಮಾಡಬೇಕು. ಕೆಂಪು ಕ್ಲಿಪ್ಪಿಗೆ ಸ್ಟೇನ್‌ಲೆಸ್ ಸ್ಟೀಲಿನ ಚಮಚ ಕಟ್ಟುವುದು ಬೇಡವೇ ಬೇಡ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ.

ಬ್ರೇಕಿನಲ್ಲಿ ಮಾತ್ರ ಜಿಪುಣತನ ಸಲ್ಲದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಇದು. ವೀಲ್ ಸಿಲಿಂಡರಿನ ರಬ್ಬರು, ಹೋಸು, ಪೈಪು ಎಲ್ಲ ಹೊಸದಾಗಲೇಬೇಕು.

ಬಿಡಿಭಾಗದ ಮಾತಿಗೆ ಬಂದರೆ, ಫಿಯೆಟ್ ಕೊಂಡವರು ಮುಂಬೈ ಟ್ಯಾಕ್ಸಿಯವರಿಗೆ ಋಣಿ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಡಿಲೈಟ್ ಆಗಿ ಹೊರಟ ಕಾರೇ ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡದ್ದು. ಇಂಜಿನ್ ಅದೇ ಆದ್ದರಿಂದ, ಕಪ್ಪು-ಹಳದಿ ಟ್ಯಾಕ್ಸಿಗಳು ಓಡುವಷ್ಟು ಕಾಲ ಬಿಡಿಭಾಗ ಮಾಡುವವರಿಗೂ ಗಿರಾಕಿ ಇತ್ತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಈಗಲೂ ಹುಡುಕಿದರೆ ಸಿಗುತ್ತದೆ, ಚೌಕಾಸಿಗೆ ಮಾತ್ರ ಮೊದಲಿನಷ್ಟು ಜಾಗವಿಲ್ಲ. 2014ರವರೆಗೂ ತಯಾರಾದ ಅಂಬಾಸಡರಿನವರಿಗೆ ಈ ಕಷ್ಟ ಕಡಿಮೆ. ಮದ್ರಾಸಿನ ಸ್ಟಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರು ಬ್ರಿಟನ್ನಿನಿಂದ ಟ್ರಯಂಫ್ ಹೆರಾಲ್ಡಿನ ಭಾಗ ತರಿಸಬಹುದು, ಮೇಲೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಬೇರೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳೆಲ್ಲಕ್ಕೂ ಜಿಎಸ್‌ಟಿ ಶೇ 18 ಆಗಿದೆ. ಅದಕ್ಕೆ ಮುಂಚೆ ಬಹಳಷ್ಟು ಭಾಗಗಳಿಗೆ ಶೇ 28 ಇತ್ತು. ಗುಜರಿಯಲ್ಲಿ ಬಿಲ್ಲೇ ಇಲ್ಲದ ಕಾರಣ ಅಲ್ಲಿ ಈ ಸುದ್ದಿ ಯಾರನ್ನೂ ತಟ್ಟಿಲ್ಲ.

ಹೊಸದಾಗಿ ಸೇರಿಕೊಂಡ ಖರ್ಚೂ ಒಂದಿದೆ. ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರನ್ನು ಹೀರುತ್ತದೆ, ಹಳೆ ರಬ್ಬರನ್ನು ಉಬ್ಬಿಸುತ್ತದೆ. ಫ್ಯುಯೆಲ್ ಪಂಪಿನ ಡಯಾಫ್ರಾಮನ್ನೂ ಪೆಟ್ರೋಲ್ ಹೋಸನ್ನೂ ಎಥನಾಲ್ ತಾಳುವ ರಬ್ಬರಿನದಕ್ಕೆ ಬದಲಿಸುವುದು, ವಾರಗಟ್ಟಲೆ ನಿಲ್ಲಿಸುವ ಮುಂಚೆ ಕಾರ್ಬುರೇಟರ್ ಖಾಲಿ ಮಾಡುವುದು ಈಗ ಅನಿವಾರ್ಯ.

ಇನ್ನು ಕಾಗದಪತ್ರ. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಆರ್‌ಸಿ ಇರುವ ಕಾರು ಅಗ್ಗಕ್ಕೆ ಸಿಗುತ್ತದೆ. ಆದರೆ ವಾರಸುದಾರರೆಲ್ಲರ ಸಹಿ ಸಂಗ್ರಹಿಸುವ ಹೊತ್ತಿಗೆ ಆ ಅಗ್ಗ ಕರಗಿರುತ್ತದೆ. ನವೀಕರಣ ತಪ್ಪಿದ್ದರೆ ಕಾರಿಗೆ ತಿಂಗಳಿಗೆ 500 ರೂಪಾಯಿಯಂತೆ ವಿಳಂಬ ಶುಲ್ಕ ಬೆಳೆಯುತ್ತದೆ.

ಐವತ್ತು ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಇರುವ ಖಾಸಗಿ ವಾಹನಕ್ಕೆ 2021ರ ಜುಲೈನಿಂದ ವಿಂಟೇಜ್ ನೋಂದಣಿಯ ದಾರಿಯಿದೆ. ಶುಲ್ಕ 20,000, ಅವಧಿ 10 ವರ್ಷ, ಆಮೇಲೆ ಮರುನೋಂದಣಿಗೆ 5,000. ಹೊಸದಾಗಿ ನೋಂದಾಯಿಸುವವರಿಗೆ "ವಿಎ" ಅಕ್ಷರದ ಸಂಖ್ಯೆ ಕೊಡುತ್ತಾರೆ. ಮೊದಲೇ ನೋಂದಣಿಯಾದವರು ಮೈಸೂರು ರಾಜ್ಯದ ಕಾಲದ "ಎಂವೈ" ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಸಾಮಾನ್ಯ ನೋಂದಣಿಯಲ್ಲೇ ಇದ್ದರೆ, 2025ರ ಆಗಸ್ಟಿನ ತಿದ್ದುಪಡಿಯ ನಂತರ ಇಪ್ಪತ್ತು ವರ್ಷ ಮೀರಿದ ಕಾರಿನ ನವೀಕರಣಕ್ಕೆ ಪ್ರತಿ ಐದು ವರ್ಷಕ್ಕೆ 10,000. ಮೊದಲ ಹತ್ತು ವರ್ಷಕ್ಕೆ ಎರಡೂ ದಾರಿಯ ಶುಲ್ಕ ಒಂದೇ! ವಿಂಟೇಜ್ ಕಾರಿಗೆ ಥರ್ಡ್ ಪಾರ್ಟಿ ವಿಮೆಯಲ್ಲಿ ಅರ್ಧ ರಿಯಾಯಿತಿ ಇದೆ. ಸಾವಿರದಿಂದ 1500 ಸಿಸಿ ಕಾರಿನ 3,416 ರೂಪಾಯಿಯ ದರ 1,708ಕ್ಕೆ ಇಳಿಯುತ್ತದೆ. ಅದಕ್ಕೆ ಪ್ರತಿಯಾಗಿ ಬಿಟ್ಟುಕೊಡಬೇಕಾದ್ದು ದೊಡ್ಡದು: ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥವುಗಳ ಹೊರತು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ವರ್ಷಕ್ಕೆ 1,708 ರೂಪಾಯಿ ಉಳಿಸಲು ಭಾನುವಾರದ ನಂಜನಗೂಡು ಸವಾರಿ ಬಿಡುವ ಮನಸ್ಸು ಅಂಕಣಕಾರನಿಗಿಲ್ಲ. ಹಾಗಾಗಿ ಅವನ ಕಾರು ಸದ್ಯ ಸಾಮಾನ್ಯ ನೋಂದಣಿಯಲ್ಲೇ ಇದೆ.

ಆ ಸವಾರಿಗೆ ತೆರಿಗೆಯ ಕಡೆಯಿಂದಲೂ ಬೆಲೆಯಿದೆ. ಸ್ವಂತ ಬಳಕೆಯ ಕಾರು ಮಾರಿ ಬಂದ ಲಾಭಕ್ಕೆ ಬಂಡವಾಳ ಗಳಿಕೆ ತೆರಿಗೆ ಇಲ್ಲ, ನಷ್ಟವನ್ನು ತೋರಿಸಿಕೊಳ್ಳುವ ಹಾಗೂ ಇಲ್ಲ. ಆದರೆ "ಸ್ವಂತ ಬಳಕೆ" ಎಂದು ಬಾಯಲ್ಲಿ ಹೇಳಿದರೆ ಸಾಲದು. 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಟೂರರ್ ಒಂದನ್ನು ಮಾಲೀಕರೊಬ್ಬರು ಮುಂದೆ 21 ಲಕ್ಷಕ್ಕೆ ಮಾರಿದ್ದರು. ಆ ಪ್ರಕರಣ 2025ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂದಾಗ, ಕಾರನ್ನು ನಿಜಕ್ಕೂ ಸ್ವಂತಕ್ಕೆ ಬಳಸಿದ್ದಕ್ಕೆ ಆಧಾರವಿಲ್ಲವೆಂದು ತೀರ್ಪು ಅವರ ವಿರುದ್ಧ ಹೋಯಿತು. ಹಾಗಾಗಿ ಪೆಟ್ರೋಲ್ ಚೀಟಿ, ವಿಮೆಯ ಪಾಲಿಸಿ, ರಿಪೇರಿ ಬಿಲ್ಲು, ನಂಜನಗೂಡಿನ ದೇವಸ್ಥಾನದ ಮುಂದೆ ಕಾರು ನಿಲ್ಲಿಸಿ ತೆಗೆದ ಫೋಟೋ ಎಲ್ಲವೂ ದಿನಾಂಕದ ಸಮೇತ ಒಂದೇ ಫೈಲಿಗೆ ಹೋಗುತ್ತಿವೆ. ಫೈಲು ಈಗಾಗಲೇ ದಪ್ಪವಾಗಿದೆ, ಹಿಂಬದಿ ಗಾಜಿನ ಬೀಡಿಂಗಿನ ಬಿಲ್ಲು ಮಾತ್ರ ಇನ್ನೂ ಬರಬೇಕು.