ಗೇಹಜಿ ಕೊಟ್ಟ ಉತ್ತರ

ಎರಡನೇ ಅರಸುಗಳು 5ನೇ ಅಧ್ಯಾಯ ತೆಗೆಯಿರಿ. ಫೋನಿನಲ್ಲಿ ಓದುವವರು ಸತ್ಯವೇದ ಮಾತ್ರ ನೋಡಿ, ಆಯ್ತಾ?

ಗೇಹಜಿ ನಾಮಾನನ ಹಿಂದೆ ಓಡಿಹೋಗಿ ಬೆಳ್ಳಿ, ಬಟ್ಟೆ ಇಸ್ಕೊಂಡು ಮನೆಯಲ್ಲಿ ಬಚ್ಚಿಟ್ಟು ಬರ್ತಾನೆ. ಎಲೀಷನು ಕೇಳಿದರೆ, ನಾನು ಎಲ್ಲೂ ಹೋಗಿಲ್ಲ ಅಂತಾನೆ. ಎಲೀಷನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಕೇಳಿದ? ನಿಜ ಹೇಳೋಕೆ ಒಂದು ಅವಕಾಶ ಸಿಗಲಿ ಅಂತ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹದಿಹರೆಯದವರನ್ನು ಕೊಕೇನ್ ಬಗ್ಗೆ ಕೇಳಿ, ಅವರ ಕೂದಲನ್ನೂ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಅಧ್ಯಯನ ಅದು. ಬಾಯಲ್ಲಿ ಒಪ್ಪಿಕೊಂಡಿದ್ದಕ್ಕಿಂತ ಕೂದಲಿನಲ್ಲಿ ಸಿಕ್ಕಿದ್ದು 52 ಪಟ್ಟು! ಅಪಾಯ ಹೆಚ್ಚಿದ್ದ ಕಡೆಯ ಮಕ್ಕಳು ಅವರು, ಎಲ್ಲಾ ಊರಲ್ಲೂ ಇಷ್ಟೇ ಅಂತಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ, ತೆಗೆದುಕೊಂಡಿದ್ದರ ಗುರುತು ಅದರಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಹಿಂದೆ ಕೂತಿರೋ ಅಪ್ಪ ಅಮ್ಮಂದಿರೇ, ನಗಬೇಡಿ. ಅಲ್ಲಿ ಹೆತ್ತವರ ಕೂದಲನ್ನೂ ನೋಡಿದರು, ಅವರೂ ಮುಚ್ಚಿಟ್ಟಿದ್ದರು.

ಇನ್ನೊಂದು ತರಹದ ಸುಳ್ಳೂ ಇದೆ. ಯುರೋಪಿನ ಶಾಲೆಗಳಲ್ಲಿ 1995ರಿಂದ ನಡೆಯುವ ಸಮೀಕ್ಷೆಯಲ್ಲಿ ‘ರೆಲೆವಿನ್’ ಅಂತ ಒಂದು ಹೆಸರು ಸೇರಿಸಿದ್ದರು. ಅಂಥ ಡ್ರಗ್ಸೇ ಇಲ್ಲ! ಬಡಾಯಿಗೆ ಟಿಕ್ ಹಾಕುವವರನ್ನು ಹಿಡಿಯೋಕೆ. ಕಾಲೇಜಿನಲ್ಲಿ ಗೆಳೆಯರ ಮುಂದೆ ಮಾಡದೇ ಇದ್ದದ್ದನ್ನು ಮಾಡಿದೆ ಅನ್ನೋದು, ಸಭೆಗೆ ಬಂದು ಮಾಡಿದ್ದನ್ನು ಮಾಡಿಲ್ಲ ಅನ್ನೋದು. ಯಾರ ಬಗ್ಗೆ ಹೇಳ್ತಿದ್ದೀನಿ ಅಂತ ಪಕ್ಕದವರನ್ನು ನೋಡಬೇಡಿ.

ಆ ಸಮೀಕ್ಷೆಯಲ್ಲಿ ಹೆಸರು ಬರೆಸೋದಿಲ್ಲ. ಹೆಸರಿಲ್ಲದಿದ್ದರೆ ನಿಜ ಹೇಳೋದು ಸುಲಭ. ನಾವು ಸಭೆಯಲ್ಲಿ ಏನು ಮಾಡ್ತೀವಿ? ಅಪ್ಪ ಅಮ್ಮನ ಮುಂದೆ ನಿಲ್ಲಿಸಿ ಕೇಳ್ತೀವಿ. ಒಪ್ಪಿಕೊಂಡವನನ್ನು ಆರಾಧನಾ ತಂಡದಿಂದ ಕೆಳಗಿಳಿಸ್ತೀವಿ, ಸುಳ್ಳು ಹೇಳಿದವನು ಗಿಟಾರ್ ಬಾರಿಸ್ತಾನೇ ಇರ್ತಾನೆ. ನಾನೂ ಹಾಗೆ ಮಾಡಿದ್ದೀನಿ. ಒಬ್ಬ ತಮ್ಮ ಆಮೇಲೆ ಸಭೆಗೆ ಬರಲೇ ಇಲ್ಲ. ಕರ್ತನು ನನ್ನನ್ನು ಕ್ಷಮಿಸಲಿ.

ಯಾಕೋಬ 5:16 ಮನೆಗೆ ಹೋಗಿ ಓದಿ. ಅಲ್ಲಿ ಪಾಪದ ಅರಿಕೆಯ ಜೊತೆಗೇ ಪ್ರಾರ್ಥನೆ ಇದೆ, ಗುಣವಾಗೋದೂ ಇದೆ. ನಂಬಿಕೆಯ ಒಬ್ಬ ಅಣ್ಣನಿಗೋ ಅಕ್ಕನಿಗೋ ಈ ವಾರ ಹೇಳಿ. ನಿಮ್ಹಾನ್ಸ್‌ಗೆ ಹೋಗೋದು ಅವಿಶ್ವಾಸವಲ್ಲ. 14446ಕ್ಕೆ ಫೋನ್ ಮಾಡಿದರೂ ಸಹಾಯ ಸಿಗುತ್ತೆ.

ಈಗ ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಇವತ್ತು ಯಾರೂ ಕೈ ಎತ್ತೋದು ಬೇಡ.