ಹಳೆಯ ವಸ್ತುಗಳ ಆರೈಕೆಯೆಂಬ ವಿದ್ಯೆ

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ನಾವು ಉದ್ಯೋಗಗಳ ವಿಷಯವಾಗಿ ಪಾಠ ಹೇಳುತ್ತಿದ್ದಾಗ, ಅಫಜಲಪುರದ ಕಡೆಯಿಂದ ಬಂದು ನಮ್ಮ ವಸತಿಗೃಹದಲ್ಲಿದ್ದು ಓದುತ್ತಿರುವ ಬಾಲಿಕೆಯೊಬ್ಬಳು ಎದ್ದು ನಿಂತು, "ಅಮೇರಿಕದ ಕಲಾ ಸಂಗ್ರಹಾಲಯಗಳಲ್ಲಿ ಸಹಾಯಕ ಕ್ಯುರೇಟರ್ ಎಂಬ ಹುದ್ದೆ ಉಂಟಂತೆ, ಅವರು ದಿನವೆಲ್ಲ ಮಾಡುವುದೇನು?" ಎಂದು ಕೇಳಿದಳು. ಆ ದಿನ ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಕರವಾಗಿ ತೋರಲಿಲ್ಲ. ಮುಂದೆ ಪಾಲಕರ ಸಭೆಯಲ್ಲಿ ಈ ಮಾತು ಬಂದಾಗ ಆಳಂದದ ತಂದೆಯೊಬ್ಬರು ನಗುತ್ತ, "ಹಳೆಯ ಪಾತ್ರೆಗಳ ಧೂಳು ಒರೆಸುವುದಕ್ಕೆ ಅಷ್ಟು ಓದು ಬೇಕೇ, ತಾಯಿ?" ಎಂದರು. ಆ ಬಾಲಿಕೆಯ ಪ್ರಶ್ನೆಗೂ ಆ ತಂದೆಯ ಮಾತಿಗೂ ಒಟ್ಟಿಗೆ ಉತ್ತರವಾಗಲೆಂದು ಈ ಪಾಠವನ್ನು ಬರೆದಿದ್ದೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಇದನ್ನು ಸಾವಧಾನದಿಂದ ಓದಬೇಕೆಂದು ಕೋರುತ್ತೇವೆ.

ಮೊದಲು ಪದದ ಅರ್ಥವನ್ನು ತಿಳಿಯೋಣ. ಲ್ಯಾಟಿನ್ ಭಾಷೆಯಲ್ಲಿ 'ಕ್ಯೂರಾ' ಎಂದರೆ ಆರೈಕೆ. ಆರೈಕೆ ಮಾಡುವವರು ಕ್ಯುರೇಟರ್. ದೊಡ್ಡ ಸಂಗ್ರಹಾಲಯಗಳಲ್ಲಿ ಒಂದೊಂದು ದೇಶದ ಅಥವಾ ಒಂದೊಂದು ಬಗೆಯ ಕಲೆಗೆ ಒಂದೊಂದು ವಿಭಾಗವಿದ್ದು, ಆ ವಿಭಾಗಕ್ಕೆ ಹಿರಿಯ ಕ್ಯುರೇಟರ್ ಒಬ್ಬರು ಹೊಣೆಯಾಗಿರುತ್ತಾರೆ. ಅವರ ಕೈಕೆಳಗೆ ವಸ್ತುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಪರೀಕ್ಷಿಸಿ, ಬರೆದಿಡುವವರೇ ಸಹಾಯಕ ಕ್ಯುರೇಟರುಗಳು. ಇವರ ಕೆಲಸವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ದಾಖಲೆ. ಸಂಗ್ರಹಾಲಯಕ್ಕೆ ಬಂದ ವಸ್ತುವಿಗೆ ಕೂಡಲೇ ಒಂದು ಅಂಕಿಯನ್ನು ಕೊಡುತ್ತಾರೆ. ಸಾಮಾನ್ಯವಾಗಿ ಈ ಅಂಕಿಗೆ ಮೂರು ಅಂಗಗಳು: ವಸ್ತು ಬಂದ ವರ್ಷ, ಆ ವರ್ಷದಲ್ಲಿ ಅದು ಎಷ್ಟನೆಯ ಕಂತಿನಲ್ಲಿ ಬಂತೆಂಬುದು, ಆ ಕಂತಿನಲ್ಲಿ ಅದು ಎಷ್ಟನೆಯ ವಸ್ತುವೆಂಬುದು. ಅಂಕಿಯ ಎದುರಿಗೆ ವಸ್ತುವಿನ ಉದ್ದಗಲ, ಅದು ಯಾವುದರಿಂದ ಆದದ್ದು, ಎಲ್ಲಿಯದು, ಯಾರು ಕೊಟ್ಟರು, ಎಲ್ಲಿ ಬಿರುಕು ಬಿಟ್ಟಿದೆ ಎಂಬುದೆಲ್ಲವನ್ನೂ ಬರೆಯಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವು ಶಾಲೆಯ ಮಗುವಾಗಲಾರದಷ್ಟೆ. ಹಾಗೆಯೇ ದಾಖಲೆಯಿಲ್ಲದ ವಸ್ತುವು ಕಳೆದುಹೋದ ವಸ್ತುವಿಗೆ ಸಮಾನವೆಂದು ತಿಳಿಯತಕ್ಕದ್ದು.

ಎರಡನೆಯದು, ರಕ್ಷಣೆ. ಬಟ್ಟೆ, ಕಾಗದ, ಬಣ್ಣದ ಚಿತ್ರ ಇವುಗಳಿಗೆ ಬೆಳಕೇ ಶತ್ರು. ಆದುದರಿಂದ ಇಂತಹವುಗಳ ಮೇಲೆ ಸುಮಾರು 50 ಲಕ್ಸಿಗಿಂತ ಹೆಚ್ಚಿನ ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ನಮ್ಮ ಬೇಸಿಗೆಯ ನಡು ಹಗಲಿನ ಬಿಸಿಲು ಸುಮಾರು 1,00,000 ಲಕ್ಸ್ ಎಂಬುದನ್ನು ನೆನೆದರೆ, ಅಂಗಳದ ಹಗ್ಗದ ಮೇಲೆ ಒಣಹಾಕಿದ ಅಜ್ಜಿಯ ರೇಶ್ಮೆಯ ಸೀರೆ ಏಕೆ ಬಣ್ಣಗೆಡುವುದೆಂದು ತಿಳಿಯುವುದು. ಅಷ್ಟೇ ಅಲ್ಲದೆ, ಕೆಲವು ತಿಂಗಳು ಪ್ರದರ್ಶಿಸಿದ ಬಟ್ಟೆಯನ್ನು ಪುನಃ ಕತ್ತಲ ಕೋಣೆಯಲ್ಲಿಟ್ಟು ವಿಶ್ರಾಂತಿ ಕೊಡುತ್ತಾರೆ. ಗಾಳಿಯ ತೇವ ಏರಿಳಿಯದಂತೆಯೂ ಹುಳು ಹತ್ತದಂತೆಯೂ ಕಾಯುತ್ತಾರೆ. ಇದೆಲ್ಲವೂ ಮನೆಯನ್ನು ಒಪ್ಪವಾಗಿ ನಡೆಸುವ ಹೆಂಗಸಿಗೆ ಹೊಸ ವಿದ್ಯೆಯಲ್ಲ. ಬೇವಿನ ಎಲೆಯನ್ನು ಸೀರೆಯ ಮಡಿಕೆಗಳಲ್ಲಿಡುವ ತಾಯಿಯು ಇದೇ ವಿದ್ಯೆಯ ಮೊದಲನೆಯ ಪಾಠವನ್ನು ಬಲ್ಲವಳು.

ಮೂರನೆಯದು, ವಿವರಣೆ. ನೋಡಲು ಬಂದವರು ಒಂದು ವಸ್ತುವಿನ ಮುಂದೆ ನಿಲ್ಲುವುದು ಕೆಲವು ಕ್ಷಣ ಮಾತ್ರ. ಆ ಕ್ಷಣಗಳಲ್ಲಿ ಓದಿ ತಿಳಿಯುವಂತೆ ಅಲ್ಪ ಮಾತುಗಳಲ್ಲಿ ಸತ್ಯವಾದ ಫಲಕವನ್ನು ಬರೆಯುವುದು ಬಹು ಕಠಿಣವಾದ ಕೆಲಸ. ಇದಕ್ಕೆ ಉದಾಹರಣೆಯನ್ನು ಹುಡುಕಲು ಸಮುದ್ರ ದಾಟಬೇಕಾಗಿಲ್ಲ. ಅಫಜಲಪುರ, ಜೇವರ್ಗಿಗಳ ನೆಲವನ್ನು ತೊಯ್ದು ಮುಂದೆ ಹರಿಯುವ ಭೀಮಾ ನದಿಯ ದಡದಲ್ಲಿ ಸನ್ನತಿ, ಅದರ ಸಮೀಪದಲ್ಲಿ ಕನಗನಹಳ್ಳಿ ಇವೆಯಷ್ಟೆ. ಭಾರತೀಯ ಪುರಾತತ್ವ ಇಲಾಖೆಯವರು 1994ರಿಂದ ಅಲ್ಲಿ ನಡೆಸಿದ ಉತ್ಖನನದಲ್ಲಿ ಅಧೋಲೋಕ ಮಹಾಚೈತ್ಯವೆಂಬ ಬೌದ್ಧ ಸ್ತೂಪವು ಬೆಳಕಿಗೆ ಬಂತು. ಅದರ ಶಿಲಾಫಲಕವೊಂದರಲ್ಲಿ ರಾಜನೊಬ್ಬನು ರಾಣಿಯೊಡನೆಯೂ ಪರಿಚಾರಿಕೆಯರೊಡನೆಯೂ ನಿಂತಿದ್ದಾನೆ. ಅಲ್ಲಿ ಬ್ರಾಹ್ಮೀ ಲಿಪಿಯಲ್ಲಿ 'ರಾಯೋ ಅಸೋಕೋ', ಎಂದರೆ 'ಅಶೋಕ ರಾಜ', ಎಂದು ಕೆತ್ತಿದೆ. ಆ ಎರಡು ಪದಗಳಿಲ್ಲದಿದ್ದರೆ ಅವನು ಹೆಸರಿಲ್ಲದ ಯಾವನೋ ಒಬ್ಬ ಅರಸನಾಗಿ ಉಳಿಯುತ್ತಿದ್ದನು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ನದಿಯ ದಡದಲ್ಲಿ ಕುಳಿತ ಶಿಲ್ಪಿಯು ಇಂದಿನ ಸಹಾಯಕ ಕ್ಯುರೇಟರ್ ಮಾಡುವ ಕೆಲಸವನ್ನೇ ಮಾಡಿದನು: ಹೆಸರನ್ನು ಬರೆದಿಟ್ಟನು.

ನಾಲ್ಕನೆಯದು, ಮೂಲ ವಿಚಾರಣೆ. ಈ ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು? ನ್ಯಾಯವಾಗಿ ಬಂತೇ, ಕದ್ದು ಬಂತೇ? ಪೂರ್ವಕಾಲದಲ್ಲಿ ಈ ಪ್ರಶ್ನೆಯನ್ನು ಕೇಳುವವರು ವಿರಳ. ಯುನೆಸ್ಕೋ ಸಂಸ್ಥೆಯ 1970ರ ಒಡಂಬಡಿಕೆಯ ತರುವಾಯ ಇದು ಮುಖ್ಯವಾದ ಕರ್ತವ್ಯವಾಯಿತು. ನಮ್ಮ ದೇಶದ 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಮೇರೆಗೆ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ ಮೊದಲಾದುವುಗಳನ್ನೂ 75 ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ದೇಶದ ಹೊರಕ್ಕೆ ಸಾಗಿಸಕೂಡದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು 2023ರಲ್ಲಿ ಹದಿನೈದು ಶಿಲ್ಪಗಳನ್ನು ಭಾರತಕ್ಕೆ ಹಿಂದಿರುಗಿಸುವುದಾಗಿ ಪ್ರಕಟಿಸಿತು. ಅವು ಕ್ರಮವಲ್ಲದ ದಾರಿಯಿಂದ ದೇಶ ಬಿಟ್ಟುಹೋದವೆಂದು ತಿಳಿದುಬಂದಿತ್ತು. ತಮ್ಮಲ್ಲಿರುವ ಸುಂದರ ವಸ್ತುವಿನ ವಿಷಯದಲ್ಲಿ, 'ಇದು ನಮ್ಮದಲ್ಲ' ಎಂಬ ಸಾಕ್ಷ್ಯ ದೊರೆತಾಗ ಅದನ್ನು ಮರೆಮಾಡದೆ ಹೇಳುವುದಕ್ಕೆ ವಿದ್ಯೆಯೊಂದೇ ಸಾಲದು, ಶೀಲವೂ ಬೇಕು. ಧೂಳು ಒರೆಸುವ ಕೆಲಸವೆಂದು ನಕ್ಕ ಮಹನೀಯರು ಇದನ್ನು ಆಲೋಚಿಸಬೇಕು.

ಇನ್ನು ಈ ಕೆಲಸವನ್ನು ಮಾಡಿದ ಕೆಲವರನ್ನು ಸ್ಮರಿಸೋಣ. ಕೊಲಂಬೊ ನಗರದಲ್ಲಿ 1877ರಲ್ಲಿ ಹುಟ್ಟಿದ ಆನಂದ ಕುಮಾರಸ್ವಾಮಿಯವರು 1917ರಲ್ಲಿ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯವನ್ನು ಸೇರಿ, ಅಲ್ಲಿಯ ಭಾರತೀಯ ಕಲೆಯ ಪಾಲಕರಾಗಿ, 1947ರಲ್ಲಿ ತೀರಿಕೊಳ್ಳುವ ತನಕ ಮೂವತ್ತು ವರ್ಷ ಆ ಸಂಸ್ಥೆಯಲ್ಲಿಯೇ ದುಡಿದರು. ಒಂದೊಂದು ಚಿತ್ರವನ್ನೂ ಒಂದೊಂದು ವಿಗ್ರಹವನ್ನೂ ಪರಿಶೀಲಿಸಿ ಅವರು ಬರೆದ ಪಟ್ಟಿಗಳಿಂದ, ಭಾರತದ ಕಲೆಯನ್ನು ಕೌತುಕದ ವಸ್ತುವೆಂದು ತಿಳಿದಿದ್ದ ಜನರು ಅದನ್ನು ಕಲೆಯೆಂದು ಗೌರವಿಸಲು ಕಲಿತರು. ಸ್ತ್ರೀಯರಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಎಂಬವರು ಕಲಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಬೋಧಿಸಿ, 1954ರಿಂದ ಫಿಲಡೆಲ್ಫಿಯ ಕಲಾ ಸಂಗ್ರಹಾಲಯದ ಭಾರತೀಯ ಕಲೆಯ ಕ್ಯುರೇಟರ್ ಆಗಿದ್ದರು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ದೃಷ್ಟಾಂತವುಂಟು. 2015ರಲ್ಲಿ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ 1500ರಿಂದ 1700ರವರೆಗಿನ ದಖ್ಖನಿನ ಸುಲ್ತಾನರ ಕಾಲದ ಕಲೆಯ ಪ್ರದರ್ಶನವು ನಡೆಯಿತು. ಸುಮಾರು 200 ಕೃತಿಗಳನ್ನು ನಾನಾ ಸ್ಥಳಗಳಿಂದ ತರಿಸಿ, ವಿಜಾಪುರ, ಬೀದರ, ಗೋಲ್ಕೊಂಡ, ಅಹಮದನಗರಗಳ ವೈಭವವನ್ನು ತೋರಿಸಿದರು. ಇದನ್ನು ಅಣಿಗೊಳಿಸಿದವರು ನವೀನಾ ನಜಾತ್ ಹೈದರ್ ಮತ್ತು ಮರಿಕಾ ಸರ್ದಾರ್ ಎಂಬ ಇಬ್ಬರು ಸ್ತ್ರೀಯರು. ಸತುವಿಗೆ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಬೀದರದ ಕೋಟೆಯ ಮಣ್ಣಿನಿಂದ ಕಪ್ಪುಗೊಳಿಸುವ ಬಿದರಿಯ ಪಾತ್ರೆಗಳು ಆ ಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಗೌರವದಿಂದ ಕುಳಿತಿವೆ. ಅಂಥವೇ ಪಾತ್ರೆಗಳು ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ ಜೇಡರ ಬಲೆಯಲ್ಲಿ ಕುಳಿತಿವೆ.

ಅರಸರ ವಸ್ತುಗಳಿಗೆ ಮಾತ್ರವೇ ಈ ಗೌರವವೆಂದು ಯಾರೂ ತಿಳಿಯಬಾರದು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯವು ಸಾಮಾನ್ಯ ಹೆಂಗಸರು ಹೊಲಿದ ಕೌದಿಗಳನ್ನು ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿತು. 2002ರಲ್ಲಿ ಅಲಬಾಮ ಸೀಮೆಯ ಗೀಸ್ ಬೆಂಡ್ ಎಂಬ ಬಡ ಹಳ್ಳಿಯ ಕರಿಯ ಹೆಂಗಸರು ಹಳೆಯ ಕೆಲಸದ ಬಟ್ಟೆಗಳ ತುಂಡುಗಳಿಂದ ಹೊಲಿದ ಕೌದಿಗಳ ಪ್ರದರ್ಶನವು ಹ್ಯೂಸ್ಟನ್ ನಗರದಲ್ಲಿ ನಡೆದು, ಮುಂದೆ ನ್ಯೂಯಾರ್ಕಿಗೂ ಹೋಯಿತು. ಚಳಿಯಿಂದ ಮಕ್ಕಳನ್ನು ಕಾಯಲೆಂದು ಹೊಲಿದ ಆ ಕೌದಿಗಳ ಪಕ್ಕದಲ್ಲಿ ಹೊಲಿದವರ ಹೆಸರುಗಳಿದ್ದವು.

ಈಗ ನಮ್ಮದೇ ಒಂದು ತಪ್ಪನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ, ನಾವು ಶಾಲೆಯ ಹೊಣೆಯನ್ನು ಹೊತ್ತ ಮೊದಲನೆಯ ಬೇಸಿಗೆಯಲ್ಲಿ, ಉಗ್ರಾಣದ ಕೋಣೆಯನ್ನು ತೆರವು ಮಾಡಿಸಿದೆವು. ಅಲ್ಲಿ ಒಂದು ಮರದ ಪೆಟ್ಟಿಗೆಯ ತುಂಬ ಹಿಂದಿನ ವಿದ್ಯಾರ್ಥಿನಿಯರು ಹೊಲಿಗೆಯ ಪಾಠದಲ್ಲಿ ಮಾಡಿದ ಬಟ್ಟೆಗಳಿದ್ದವು. ಕೆಲವಕ್ಕೆ ಗೆದ್ದಲು ಹತ್ತಿತ್ತು. ಹೊಸ ಮೇಜುಗಳಿಗೆ ಸ್ಥಳ ಬೇಕೆಂಬ ಆತುರದಲ್ಲಿ, ಒಳ್ಳೆಯವನ್ನು ಬೇರ್ಪಡಿಸದೆ, ಹೆಸರುಗಳನ್ನೂ ಓದದೆ, ಎಲ್ಲವನ್ನೂ ಗುಜರಿಯವನಿಗೆ ಕೊಡಿಸಿದೆವು. ಎರಡು ವರ್ಷಗಳ ತರುವಾಯ ಜೇವರ್ಗಿಯ ಕಡೆಯ ವೃದ್ಧೆಯೊಬ್ಬರು ಮೊಮ್ಮಗಳನ್ನು ಶಾಲೆಗೆ ಸೇರಿಸಲು ಬಂದರು. ತಮ್ಮ ತಾಯಿಯೂ ಇಲ್ಲಿಯೇ ಓದಿದವರೆಂದೂ, ಅವರು ತಮ್ಮ ಹೆಸರನ್ನು ಕೆಂಪು ದಾರದಲ್ಲಿ ಹೊಲಿದ ಒಂದು ಬಟ್ಟೆಯನ್ನು ಶಾಲೆಯವರು ಇಟ್ಟುಕೊಂಡಿದ್ದರೆಂದೂ ಹೇಳಿ, "ಮೊಮ್ಮಗಳಿಗೆ ಒಮ್ಮೆ ತೋರಿಸಬಹುದೇ?" ಎಂದು ಕೇಳಿದರು. ಅವರ ಮನೆಯಲ್ಲಿ ತಾಯಿಯ ಫೋಟೊ ಒಂದೂ ಇರಲಿಲ್ಲವಂತೆ. ನಾವು ತಲೆ ತಗ್ಗಿಸಿ ನಿಜವನ್ನು ಹೇಳಿದೆವು. ಅವರು ಸಿಟ್ಟಾಗಲಿಲ್ಲ; "ಆಗಲಿ ಬಿಡಿ ತಾಯಿ" ಎಂದು ಮೊಮ್ಮಗಳ ಕೈ ಹಿಡಿದುಕೊಂಡು ಹೊರಟರು. ಆ ಶಾಂತವಾದ ಮಾತು ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತಿದೆ. ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟಾಗ ನಾವು ಬೆಲೆಯನ್ನು ತೂಕದಿಂದ ಅಳೆದಿದ್ದೆವು. ಸಹಾಯಕ ಕ್ಯುರೇಟರ್ ಏನು ಮಾಡುತ್ತಾಳೆಂಬುದಕ್ಕೆ ಸರಿಯಾದ ಉತ್ತರವು ಅಂದೇ ನಮಗೆ ದೊರೆತಿತ್ತು; ಆದರೆ ಆ ಬಾಲಿಕೆ ಕೇಳುವ ತನಕ ನಾವು ಅದನ್ನು ಮಾತಿನಲ್ಲಿ ಹೇಳಿಕೊಂಡಿರಲಿಲ್ಲ.

ಹಾಗಾದರೆ ನಮ್ಮ ಹುಡುಗಿಯರು ಈ ಉದ್ಯೋಗಕ್ಕೆ ತಕ್ಕವರೇ? ತಕ್ಕವರೆಂದೇ ನಮ್ಮ ನಂಬಿಕೆ. ಆಳಂದದ ಸಂತೆಯಲ್ಲಿ ಬೆಳೆದ ಮಗುವಿನ ಕಿವಿಗೆ ಕನ್ನಡ, ಉರ್ದು, ಮರಾಠಿ ಮೂರೂ ಬೀಳುತ್ತವೆ. ದಖ್ಖನಿನ ಶಾಸನಗಳನ್ನೂ ಗ್ರಂಥಗಳನ್ನೂ ಓದುವವರಿಗೆ ಇವು ಬೇಕೇ ಬೇಕು. ಪಾರಸಿಯನ್ನೋ ಸಂಸ್ಕೃತವನ್ನೋ ಮುಂದೆ ಕಲಿತರೆ ಇನ್ನೂ ಲೇಸು. ಪದವಿಯಲ್ಲಿ ಇತಿಹಾಸವನ್ನು ಓದಿ, ಬಳಿಕ ಸಂಗ್ರಹಾಲಯ ಶಾಸ್ತ್ರವನ್ನಾಗಲಿ ಕಲಾ ಇತಿಹಾಸವನ್ನಾಗಲಿ ಅಭ್ಯಾಸ ಮಾಡಬಹುದು. ಬರೋಡೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಸಂಗ್ರಹಾಲಯ ಶಾಸ್ತ್ರದ ವಿಭಾಗವು 1952ರಲ್ಲಿಯೇ ಆರಂಭವಾಯಿತು. ಅಮೇರಿಕದ ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಎಂ.ಎ. ಪದವಿಯನ್ನೂ, ಅನೇಕ ವೇಳೆ ಡಾಕ್ಟರೇಟನ್ನೂ ಅಪೇಕ್ಷಿಸುತ್ತಾರೆ. ಹುದ್ದೆಗಳು ಕಡಿಮೆ, ಬಯಸುವವರು ಬಹಳ. ಸಂಬಳವೂ ವೈದ್ಯರ ಸಂಬಳಕ್ಕೆ ಸಮನಾಗದು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ಉಪಾಧ್ಯಾಯರಿಗೆ ತಕ್ಕದ್ದಲ್ಲ. ಎಲ್ಲರೂ ನ್ಯೂಯಾರ್ಕಿಗೆ ಹೋಗಬೇಕೆಂದು ನಾವು ಹೇಳುವುದಿಲ್ಲ. ಆದರೆ ಹೋಗಲಿ ಬಿಡಲಿ, ಈ ಕಣ್ಣನ್ನೂ ಈ ಕೈಯನ್ನೂ ಪ್ರತಿಯೊಬ್ಬಳೂ ಸಂಪಾದಿಸಬಹುದು.

ಕಡೆಯದಾಗಿ, ಪಾಠದ ಕೊನೆಯಲ್ಲಿ ಅಭ್ಯಾಸ ಕೊಡುವುದು ನಮ್ಮ ಪದ್ಧತಿ. ಮಕ್ಕಳೂ ತಾಯಂದಿರೂ ಕೂಡಿ ಇದನ್ನು ಮಾಡಬೇಕು.

1. ಮನೆಯಲ್ಲಿರುವ ಐದು ಹಳೆಯ ವಸ್ತುಗಳನ್ನು ಆರಿಸಿ, ಒಂದು ನೋಟುಬುಕ್ಕಿನಲ್ಲಿ ಅಂಕಿ ಹಾಕಿ, ಅಳತೆಯೊಡನೆ ಬರೆಯಿರಿ.

2. ಅದನ್ನು ಮಾಡಿದವರು ಯಾರು, ಬಳಸಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿರಿ. ನಾಳೆ ಕೇಳೋಣವೆಂದು ಬಿಡಬೇಡಿರಿ.

3. ಹೊಲದಲ್ಲಿಯೋ ಪಾಳುಗುಡಿಯಲ್ಲಿಯೋ ಕೆತ್ತನೆಯ ಕಲ್ಲು ಕಂಡರೆ ಅದನ್ನು ಕದಲಿಸದೆ, ಸುಣ್ಣ ಬಳಿಯದೆ, ಗ್ರಾಮ ಪಂಚಾಯತಿಗೂ ಪುರಾತತ್ವ ಇಲಾಖೆಗೂ ತಿಳಿಸಿರಿ.

4. ಅಜ್ಜಿಯ ಕೌದಿಯ ಒಂದು ಮೂಲೆಯಲ್ಲಿ ಒಂದು ತುಂಡು ಬಟ್ಟೆಯನ್ನು ಹೊಲಿದು, ಅದರ ಮೇಲೆ ಅವಳ ಹೆಸರನ್ನು ಬರೆಯಿರಿ.

ನಮ್ಮ ಶಾಲೆಯ ಗ್ರಂಥಾಲಯದಲ್ಲಿಯೂ ಒಂದು ಬೀರುವನ್ನು ಬರಿದು ಮಾಡಿ, ಒಂದು ದಾಖಲೆಯ ಪುಸ್ತಕವನ್ನು ತೆರೆದಿದ್ದೇವೆ. ಹಳೆಯ ವಿದ್ಯಾರ್ಥಿನಿಯರ ಬಳಿ ಶಾಲೆಯ ದಿನಗಳ ಹೊಲಿಗೆ, ಪ್ರಮಾಣಪತ್ರ, ಪಟ, ಪತ್ರ ಏನಿದ್ದರೂ ಕೊಡಬಹುದು. ಕೊಡಲು ಮನಸ್ಸಿಲ್ಲದವರು ತೋರಿಸಿದರೆ ಪ್ರತಿ ತೆಗೆದುಕೊಂಡು ಹಿಂದಕ್ಕೆ ಕೊಡುತ್ತೇವೆ. ದಾಖಲೆಯನ್ನು ಬರೆಯುವ ಕೆಲಸಕ್ಕೆ, ಮೊದಲು ಪ್ರಶ್ನೆ ಕೇಳಿದ ಅಫಜಲಪುರದ ಬಾಲಿಕೆಯನ್ನೇ ನೇಮಿಸಿದ್ದೇವೆ. ಪುಸ್ತಕದ ಮೊದಲನೆಯ ಸಾಲನ್ನು ಮಾತ್ರ ನಾವೇ ಬರೆದೆವು: ಕೆಂಪು ದಾರದಲ್ಲಿ ಹೆಸರು ಹೊಲಿದ ಬಟ್ಟೆ, ಒಂದು; ನಮ್ಮ ಅಜಾಗ್ರತೆಯಿಂದ ಕಳೆದುಹೋಗಿದೆ.