ಹಾರ್ಡ್‌ವಿಕ್‌ನ ಕಲ್ಲುಮನೆ

ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಒಂದು ದಿಬ್ಬದ ನೆತ್ತಿಯಲ್ಲಿ ಹಾರ್ಡ್‌ವಿಕ್ ಹಾಲ್ ಎಂಬ ಕಲ್ಲಿನ ಮಹಾಗೃಹವು ನಿಂತಿದೆ. ಅದನ್ನು ಕಟ್ಟಿಸಿದವಳು ಶ್ರೂಸ್‌ಬರಿಯ ಅರ್ಲ್‌ನ ಪತ್ನಿ ಎಲಿಜಬೆತ್. ಹಾರ್ಡ್‌ವಿಕ್‌ನಲ್ಲಿಯೇ ಸಾಧಾರಣ ಜಮೀನುದಾರರ ಮಗಳಾಗಿ ಹುಟ್ಟಿದ ಈಕೆ ನಾಲ್ಕು ಬಾರಿ ವಿವಾಹವಾಗಿ, ನಾಲ್ಕು ಬಾರಿಯೂ ವಿಧವೆಯಾದಳು. ದೇಶದ ಮಹಾ ಶ್ರೀಮಂತರಲ್ಲಿ ಒಬ್ಬಳೆನಿಸಿದಳು. 1590ರಲ್ಲಿ ಆರಂಭವಾದ ಮನೆಗೆ ಆಕೆ 1597ರಲ್ಲಿ ಪ್ರವೇಶ ಮಾಡಿದಾಗ ವಯಸ್ಸು ಎಪ್ಪತ್ತರ ಸಮೀಪದಲ್ಲಿತ್ತು.

ಮರಳುಗಲ್ಲು ದೊರೆತುದು ಅದೇ ದಿಬ್ಬದ ಬುಡದಲ್ಲಿ. ಆದರೆ ದೂರದಿಂದ ಬರುವವನ ಕಣ್ಣಿಗೆ ಮೊದಲು ಬೀಳುವುದು ಕಲ್ಲಲ್ಲ, ಗಾಜು. ಗಾಜು ಬಹು ದುಬಾರಿಯಾಗಿದ್ದ ಆ ಕಾಲದಲ್ಲಿ ಕಿಟಕಿಯೇ ಐಶ್ವರ್ಯದ ಗುರುತು. ಹಾಗಿದ್ದರೆ ಇಷ್ಟೊಂದು ತೆರಪುಳ್ಳ ಗೋಡೆ ಮೂರು ಅಂತಸ್ತುಗಳ ಭಾರವನ್ನು ಹೊತ್ತುದು ಹೇಗೆ? ಉತ್ತರವು ಮನೆಯ ಒಳಗಿದೆ. ಯೋಜನೆಯನ್ನು ರಚಿಸಿದನೆಂದು ವಿದ್ವಾಂಸರು ಹೇಳುವ ರಾಬರ್ಟ್ ಸ್ಮಿತ್‌ಸನ್ ಕಲ್ಲುಕುಟಿಗನಾಗಿ ಬೆಳೆದವನು. ಕಲ್ಲಿನ ಸ್ವಭಾವವನ್ನು ಅರಿತವನು. ಭಾರದ ಬಹುಪಾಲು ಒಳಗಿನ ದಪ್ಪ ಗೋಡೆಗಳ ಮೇಲೆ ಬಿದ್ದಿತು. ಅಗ್ಗಿಷ್ಟಿಕೆಗಳೂ ಹೊಗೆಗೂಡುಗಳೂ ಆ ಗೋಡೆಗಳೊಳಗೇ ಅಡಗಿದವು. ಹೊರಗೋಡೆಯು ಹೀಗೆ ಬೆಳಕಿಗೆ ಬಿಡುವಾಯಿತು.

ಮೇಲೇರಿದಂತೆಲ್ಲ ಅಂತಸ್ತುಗಳ ಎತ್ತರವೂ ಕಿಟಕಿಗಳ ಗಾತ್ರವೂ ಹೆಚ್ಚುತ್ತವೆ. ಸೇವಕರ ಓಡಾಟ ಕೆಳಗೆ, ಒಡತಿಯ ವಾಸ ನಡುವೆ. ಗಣ್ಯರನ್ನು ಸ್ವಾಗತಿಸುವ ಮಹಾಕೋಣೆಯೂ ಸುಮಾರು 50 ಮೀಟರ್ ಉದ್ದದ ಮೊಗಸಾಲೆಯೂ ಎಲ್ಲಕ್ಕೂ ಮೇಲೆ. ಅಲ್ಲಿಗೆ ಹೋಗುವವರು ಮನೆಯ ಉದ್ದಕ್ಕೂ ತಿರುಗುವ ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ಒಡತಿಯ ಘನತೆಯನ್ನು ಕಾಲಿನಿಂದಲೇ ಅಳೆಯಬೇಕು!

ಹೊರನೋಟದ ಸಮತೆಗಾಗಿ ಕೆಲವು ಕಿಟಕಿಗಳ ಹಿಂದೆ ಕೋಣೆಯೇ ಇಲ್ಲ, ಬರಿಯ ಗೋಡೆಯಿದೆ. ಇದನ್ನು ಮೋಸವೆನ್ನುವುದು ಕಠಿಣವಾದೀತು, ಆದರೂ ವೈಭವದ ಹಂಬಲವು ಉಪಯೋಗವನ್ನು ಮೀರಿದುದಕ್ಕೆ ಇದೇ ಸಾಕ್ಷಿ. ಗಾಜು ಬೆಳಕನ್ನು ತಂದಂತೆ ಚಳಿಯನ್ನೂ ತಂದಿತು. 1601ರಲ್ಲಿ ಸಿದ್ಧವಾದ ಸಾಮಾನುಗಳ ಪಟ್ಟಿಯಲ್ಲಿ, ಒಡತಿಯ ಮಲಗುವ ಕೋಣೆಯ ಕಿಟಕಿಗೆ ಅಡ್ಡವಾಗಿ ತೂಗುಹಾಕುವ ಹೊದಿಕೆಗಳೂ ಹಾಸಿಗೆಗೆ ಹಲವು ಕಂಬಳಿಗಳೂ ನಮೂದಾಗಿವೆ.

ಎಲಿಜಬೆತ್ 1608ರಲ್ಲಿ ತೀರಿಕೊಂಡಳು. ವಂಶಜರ ಕೈಯಲ್ಲಿದ್ದ ಮನೆಯು ಮರಣತೆರಿಗೆಯ ಲೆಕ್ಕದಲ್ಲಿ ಸರ್ಕಾರಕ್ಕೆ ಸಂದು, 1959ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಬಂದಿತು. ಆರು ಗೋಪುರಗಳ ಶಿರದಲ್ಲಿ ಆಕೆಯ ಹೆಸರಿನ 'ಇ', 'ಎಸ್' ಎಂಬ ಎರಡು ಮೊದಲಕ್ಷರಗಳು, ಕಿರೀಟದ ಕೆಳಗೆ, ಕಲ್ಲಿನಲ್ಲಿ ಆಕಾಶಕ್ಕೆದುರಾಗಿ ಇಂದಿಗೂ ನಿಂತಿವೆ.